ತೆರೆಯುಳ್ಳ ಧ್ವನಿಸಹಾಯಕ: ಕನ್ನಡ ನುಡಿದೀತು, ಆಲಿಸದು

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ತಾವರಗೇರಾದ ರೈತರೊಬ್ಬರು ‘ಇಂದು ಮೆಕ್ಕೆಜೋಳದ ಧಾರಣೆ ಎಷ್ಟು?’ ಎಂದೊಡನೆ ಉತ್ತರವು ಕಿವಿಗೂ ಕಣ್ಣಿಗೂ ದೊರೆಯುವಂತೆ ಮಾಡಲು ಸಾಧ್ಯವೇ? ಅಮೆಜಾನ್ 2017ರಲ್ಲಿ ಹೊರತಂದ ಎಕೋ ಶೋದಂತಹ ತೆರೆಯುಳ್ಳ ಸಾಧನಗಳಿಗೆ ಇಂತಹ ತಂತ್ರಾಂಶವನ್ನು ಪ್ರೋಗ್ರಾಮಿಂಗ್ ಬಲ್ಲ ಯಾರಾದರೂ ರಚಿಸಬಹುದು. ಅಲೆಕ್ಸಾದ ಪರಿಭಾಷೆಯಲ್ಲಿ ಇದಕ್ಕೆ ‘ಸ್ಕಿಲ್’ ಎಂದು ಹೆಸರು.

ಸ್ಕಿಲ್‌ಗೆ ಮೂರು ಅಂಗಗಳಿವೆ. ಮೊದಲನೆಯದು ಮಾತಿನ ಮಾದರಿ, ಅಂದರೆ ಬಳಕೆದಾರರು ಕೇಳಬಹುದಾದ ವಾಕ್ಯಗಳ ಪಟ್ಟಿ. ಬೆಳೆ, ಊರುಗಳ ಹೆಸರಿಗೆ ಇದರಲ್ಲಿ ಖಾಲಿ ಸ್ಥಾನ ಬಿಟ್ಟಿರುತ್ತದೆ. ಅಲ್ಲಿ ಬರಬಹುದಾದ ‘ತಾವರಗೇರಾ’ದಂತಹ ಹೆಸರುಗಳನ್ನು ರಚಿಸುವವರು ಸೇರಿಸಬಹುದು. ಎರಡನೆಯದು ಉತ್ತರ ಹುಡುಕುವ ಪ್ರೋಗ್ರಾಂ. ಪೈಥಾನ್, ಜಾವಾಸ್ಕ್ರಿಪ್ಟ್ ಮುಂತಾದವುಗಳಲ್ಲಿ ಬರೆಯುವ ಇದು ಸಾಧನದೊಳಗಿರದೆ ಅಂತರ್ಜಾಲದ ಸರ್ವರ್‌ನಲ್ಲಿರುತ್ತದೆ. ಮೂರನೆಯದು ತೆರೆಯ ವಿನ್ಯಾಸ. ಚಿತ್ರ, ಪಠ್ಯ, ಪಟ್ಟಿಗಳು ಎಲ್ಲಿ ಕಾಣಬೇಕೆಂಬುದನ್ನು 2018ರಲ್ಲಿ ಬಂದ ಎಪಿಎಲ್ ಎಂಬ ಭಾಷೆಯಲ್ಲಿ ಬರೆಯಲಾಗುತ್ತದೆ.

ತೊಡಕಿರುವುದು ಮೊದಲ ಅಂಗದಲ್ಲಿ. ಭಾರತೀಯ ಭಾಷೆಗಳ ಪೈಕಿ ಸ್ಕಿಲ್ ರಚನೆಗೆ ಹಿಂದಿಗೆ ಅವಕಾಶವಿದೆ, ಕನ್ನಡಕ್ಕಿಲ್ಲ. ಮೊದಲೇ ಧ್ವನಿಮುದ್ರಿಸಿದ ಕನ್ನಡ ಉತ್ತರವನ್ನು ಎಂಪಿ3 ಕಡತವಾಗಿ ಕೇಳಿಸಬಹುದು. ಕನ್ನಡದ ಧಾರಣೆ ಪಟ್ಟಿಯನ್ನು ಚಿತ್ರವಾಗಿ ತೋರಿಸಬಹುದು. ಆದರೆ ರೈತರ ಪ್ರಶ್ನೆ ಮಾತ್ರ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿರಬೇಕು.

ಇನ್ನೊಂದು ಎಚ್ಚರವೂ ಅಗತ್ಯ. ಗೂಗಲ್ ತನ್ನ ಸಹಾಯಕಕ್ಕೆ ಹೊರಗಿನವರು ಇಂತಹ ತಂತ್ರಾಂಶ ರಚಿಸುವ ವ್ಯವಸ್ಥೆಯನ್ನು 2023ರ ಜೂನ್ 13ರಂದು ನಿಲ್ಲಿಸಿತು. ಆದ್ದರಿಂದ ಧಾರಣೆಯ ಮಾಹಿತಿಯನ್ನು ಸ್ವಂತ ಸರ್ವರ್‌ನಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಲೇಸು. ಕನ್ನಡವನ್ನು ಆಲಿಸುವ ಸಾಧನ ಬಂದ ದಿನ ಆ ಶ್ರಮ ವ್ಯರ್ಥವಾಗದು.