ಬೈಪಾಸ್‌ಗೆ ಮೊದಲು ಹಿಮೋಗ್ಲೋಬಿನ್ ನೋಡ್ರಿ

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಹಾರ್ಟ್ ಆಪರೇಷನ್ ಅಂದ ಕೂಡಲೇ ಮೊದಲು ವಾಟ್ಸ್‌ಆ್ಯಪ್ ಗ್ರೂಪಿಗೆ 'ಅರ್ಜೆಂಟ್ ಬ್ಲಡ್ ಬೇಕು' ಅಂತ ಮೆಸೇಜ್ ಬರುತ್ತದೆ. ಆಮೇಲೆ ಕಲಬುರಗಿ ಜಯದೇವಕ್ಕೋ ಬೆಂಗಳೂರಿಗೋ ಗಾಡಿ ಗೊತ್ತು ಮಾಡುತ್ತಾರೆ. ರೋಗಿಯ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳುವವರು ಕಡಿಮೆ.

ಮಸ್ಕಿಯ ನಮ್ಮ ಕಾಕಾಗೆ ಬೈಪಾಸ್ ಗೊತ್ತಾದಾಗ ಅದು 9.6 ಇತ್ತು. ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. "ಎರಡು ಬಾಟ್ಲಿ ಏರಿಸಿಬಿಡ್ರಿ, ತಾಕತ್ತು ಬರ್ತೈತಿ" ಅಂದಳು ಕಾಕಿ. ಡಾಕ್ಟರು ಒಪ್ಪಲಿಲ್ಲ. "ಎದೆನೋವು ಹತೋಟಿಯಲ್ಲಿದೆ, ಸ್ವಲ್ಪ ಟೈಮ್ ಇದೆ. ರಕ್ತ ಎಲ್ಲಿ ಹೋಗ್ತಿದೆ ನೋಡೋಣ" ಅಂದರು. ನೋಡಿದರೆ ಮೂಲವ್ಯಾಧಿ! ಕಾಕಾ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಚಿಕಿತ್ಸೆ, ನರದ ಮೂಲಕ ಕಬ್ಬಿಣಾಂಶ. ಐದು ವಾರದಲ್ಲಿ 11.8ಕ್ಕೆ ಬಂತು. ಆಪರೇಷನ್‌ನಲ್ಲಿ ಒಂದೇ ಯೂನಿಟ್ ಸಾಕಾಯಿತು.

ಇದರ ಹಿಂದೆ ಲೆಕ್ಕವಿದೆ. ಹಾರ್ಟ್-ಲಂಗ್ ಮಷೀನಿನ ದ್ರವ ಸೇರಿ ರಕ್ತ ತೆಳುವಾಗುತ್ತದೆ. ಮೊದಲೇ ಕಡಿಮೆ ಇದ್ದವರದು ಇನ್ನೂ ಇಳಿಯುತ್ತದೆ, ಹೊರಗಿನ ರಕ್ತ ಬೇಕಾಗುತ್ತದೆ. 2002ರಲ್ಲಿ ಅಮೆರಿಕದ ಒಹಾಯೋದಲ್ಲಿ ಬೈಪಾಸ್ ಆದ 1,915 ಮಂದಿಯ ಅಧ್ಯಯನ ಪ್ರಕಟವಾಯಿತು. ರಕ್ತ ಪಡೆದವರಲ್ಲಿ ಐದು ವರ್ಷದೊಳಗಿನ ಸಾವು ಹೆಚ್ಚಿತ್ತು. ಹಾಗಂತ ರಕ್ತವೇ ಕೊಂದಿತು ಎನ್ನುವಂತಿಲ್ಲ. ರಕ್ತ ಬೇಕಾಗುವವರು ಮೊದಲೇ ಹೆಚ್ಚು ಬಳಲಿದವರು. 2017ರಲ್ಲಿ ಸುಮಾರು 5 ಸಾವಿರ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಹಿಮೋಗ್ಲೋಬಿನ್ 7.5ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟರೂ ಧಾರಾಳವಾಗಿ ಕೊಟ್ಟಷ್ಟೇ ಸುರಕ್ಷಿತ ಎಂದು ಅದು ತೋರಿಸಿತು. ಅಂದರೆ ಬೇಕಾದಾಗ ರಕ್ತ ಜೀವ ಉಳಿಸುತ್ತದೆ. ಆದರೆ ಅದು ಟಾನಿಕ್ ಅಲ್ಲ.

ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದಿತ್ತು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹೀಗಾಗಿ ಅವ್ವ-ಅಪ್ಪನ ರಿಪೋರ್ಟ್ ಫೋನಿಗೆ ಬಂದಾಗ ಆಂಜಿಯೋ ಚಿತ್ರದ ಜೊತೆ ಹಿಮೋಗ್ಲೋಬಿನ್ ಸಾಲನ್ನೂ ಓದಿ. ಕಡಿಮೆಯಿದ್ದರೆ "ಕಾರಣ ಏನು, ಕಾಯಲು ಟೈಮ್ ಇದೆಯಾ?" ಎಂದು ಡಾಕ್ಟರನ್ನು ಕೇಳಿ. ತುರ್ತಿದ್ದರೆ ಕಾಯುವ ಮಾತೇ ಇಲ್ಲ. ಕಬ್ಬಿಣದ ಗುಳಿಗೆಯನ್ನು ಚಹಾ ಜೊತೆ ನುಂಗಿಸಬೇಡಿ. ಡಿಸ್ಚಾರ್ಜ್ ಆದ ಮೇಲೂ ತಾಲೂಕು ಆಸ್ಪತ್ರೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಿ.

ಮತ್ತೆ, ನಿಮ್ಮದು 12.5 ಮೇಲಿದ್ದು ಆರೋಗ್ಯವಾಗಿದ್ದರೆ, ಮೆಸೇಜ್ ಬರೋ ತನಕ ಕಾಯದೆ ರಕ್ತ ಕೊಟ್ಟು ಬನ್ನಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.