ಜಲ್ಲಿಗೆ ನೀರೇ ಹತ್ತಿರ

ಮಳೆಗಾಲದಲ್ಲಿ ರಸ್ತೆಗುಂಡಿಯ ಸುತ್ತ ಚೆಲ್ಲಾಡಿರುವ ಜಲ್ಲಿಯಲ್ಲಿ ಒಂದನ್ನು ಕೈಗೆತ್ತಿಕೊಂಡು ನೋಡಿ. ಎಷ್ಟೋ ಸಲ ಅದು ಬರಿಮೈ ಕಲ್ಲು. ಮೈಗಂಟಿದ್ದ ಡಾಂಬರು ಕಳಚಿ ಹೋಗಿರುತ್ತದೆ. ಲಾರಿಗಳ ಭಾರಕ್ಕೆ ರಸ್ತೆ ಕಿತ್ತುಹೋಯಿತು ಎನ್ನುತ್ತೇವೆ. ಆದರೆ ಲಾರಿ ಆ ಕೆಲಸ ಮುಗಿಸುವ ಮೊದಲೇ ನೀರು ಕಲ್ಲಿಗೂ ಡಾಂಬರಿಗೂ ನಡುವೆ ಹೊಕ್ಕು ಅವೆರಡನ್ನೂ ಬಿಡಿಸಿರುತ್ತದೆ.

ಇದರಲ್ಲಿ ಕಲ್ಲಿನ ಪಾಲೂ ಇದೆ. ದಕ್ಷಿಣ ಕರ್ನಾಟಕದ ಕ್ರಷರ್‌ಗಳಿಂದ ಬರುವ ಗ್ರಾನೈಟ್, ನೈಸ್ ಜಲ್ಲಿಯಲ್ಲಿ ಸಿಲಿಕಾ ಹೆಚ್ಚು. ಸಿಲಿಕಾಕ್ಕೆ ನೀರೆಂದರೆ ಒಲವು. ಡಾಂಬರಿನಲ್ಲಿರುವ ಆಮ್ಲಗಳು ಅದಕ್ಕೆ ಅಂಟಿಕೊಂಡರೂ ನೀರು ಬಂದಾಗ ಜಾಗ ಬಿಟ್ಟುಕೊಡುತ್ತವೆ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಂಡರೆ ಮೇಣ ಹಿಡಿಯುವುದಿಲ್ಲವಲ್ಲ, ಇಲ್ಲಿ ಎಣ್ಣೆಯ ಕೆಲಸವನ್ನು ನೀರು ಮಾಡುತ್ತದೆ. ಸುಣ್ಣಕಲ್ಲಿನ ಕಥೆ ಬೇರೆ: ಅದರ ಕ್ಯಾಲ್ಸಿಯಂ ಅದೇ ಆಮ್ಲಗಳೊಂದಿಗೆ ಸೇರಿ ನೀರಿಗೆ ಕರಗದ ಲವಣವಾಗುತ್ತದೆ. ಬೆಳಗಾವಿ, ವಿಜಯಪುರ ಕಡೆಯ ಕಪ್ಪು ಬಸಾಲ್ಟ್‌ನಲ್ಲಿ ಸಿಲಿಕಾ ಕಡಿಮೆಯಿರುವುದರಿಂದ ಹಿಡಿತ ಸಾಮಾನ್ಯವಾಗಿ ಗ್ರಾನೈಟ್‌ಗಿಂತ ವಾಸಿ.

ರಸ್ತೆ ಹಾಕುವ ಮೊದಲೇ ಇದನ್ನು ತಿಳಿಯಲು ನಮ್ಮಲ್ಲಿ 1971ರ ಐಎಸ್ 6241 ಪರೀಕ್ಷೆಯಿದೆ. 200 ಗ್ರಾಂ ಜಲ್ಲಿಗೆ ಶೇ 5ರಷ್ಟು ಬಿಸಿ ಡಾಂಬರು ಕಲಸಿ, ಆರಿದ ಮೇಲೆ 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 24 ಗಂಟೆ ಮುಳುಗಿಸಿಡುತ್ತಾರೆ. ಆಮೇಲೆ ಲೇಪ ಎಷ್ಟು ಕಳಚಿದೆ ಎಂದು ಕಣ್ಣಂದಾಜಿನಲ್ಲಿ ಹೇಳುವುದು. ಶೇ 95ರಷ್ಟಾದರೂ ಉಳಿದಿರಬೇಕು. ಒಬ್ಬರ ಕಣ್ಣಿಗೆ 96 ಆದದ್ದು ಪಕ್ಕದವರ ಕಣ್ಣಿಗೆ 93 ಆದೀತು! ಅಲ್ಲದೆ ಬೀಕರಿನ ನೀರು ಅಲುಗುವುದಿಲ್ಲ. ರಸ್ತೆಯಲ್ಲಾದರೆ ಟೈರಿನ ಮುಂಭಾಗ ನೀರನ್ನು ಸಂದುಗಳೊಳಗೆ ಒತ್ತುತ್ತದೆ, ಹಿಂಭಾಗ ಹೊರಗೆ ಎಳೆಯುತ್ತದೆ.

ಕಣ್ಣಂದಾಜು ಬಿಟ್ಟು ಅಳತೆಯ ದಾರಿ ಹಿಡಿದವರಲ್ಲಿ ಅಮೆರಿಕದ ಐಡಹೊ ವಿಶ್ವವಿದ್ಯಾಲಯದ ರಾಬರ್ಟ್ ಲಾಟ್‌ಮನ್ ಮುಖ್ಯರು. 1970ರ ದಶಕದಲ್ಲಿ ಅವರು ರೂಪಿಸಿದ ಪರೀಕ್ಷೆಯೇ ತಿದ್ದುಪಡಿಗೊಂಡು ಇಂದು ಅಲ್ಲಿನ ಹೆದ್ದಾರಿ ಅಧಿಕಾರಿಗಳ ಸಂಘವಾದ ಆಶ್ಟೋದ ಟಿ 283 ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಡಾಂಬರು ಮಿಶ್ರಣದ ಆರು ಸಿಲಿಂಡರುಗಳನ್ನು ಮಾಡಿ, ಒಳಗೆ ಸುಮಾರು ಶೇ 7ರಷ್ಟು ಪೊಳ್ಳು ಉಳಿಯುವಂತೆ ಬೇಕೆಂದೇ ಕಡಿಮೆ ದಮ್ಮಸು ಮಾಡುತ್ತಾರೆ. ಹೊಸ ರಸ್ತೆಯ ಸ್ಥಿತಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಮೂರನ್ನು ಒಣಗಿದಂತೆಯೇ ಇಟ್ಟು, ಉಳಿದ ಮೂರರ ಗಾಳಿಯನ್ನು ವ್ಯಾಕ್ಯೂಮ್ ಪಂಪಿನಿಂದ ಎಳೆದು ಪೊಳ್ಳಿನ ಶೇ 70ರಿಂದ 80 ಭಾಗಕ್ಕೆ ನೀರು ತುಂಬಿಸುತ್ತಾರೆ. ಆ ಮೂರನ್ನು ಮೈನಸ್ 18 ಡಿಗ್ರಿಯಲ್ಲಿ ಕನಿಷ್ಠ 16 ಗಂಟೆ, ನಂತರ 60 ಡಿಗ್ರಿ ನೀರಿನಲ್ಲಿ 24 ಗಂಟೆ ಇಡುತ್ತಾರೆ.

ಹಿಮವನ್ನೇ ಕಾಣದ ಮಂಗಳೂರಿನ ರಸ್ತೆಗೆ ಫ್ರೀಜರ್ ಏಕೆ? ಮಂಜುಗಡ್ಡೆಯಾಗುವಾಗ ನೀರು ಸುಮಾರು ಶೇ 9ರಷ್ಟು ಹಿಗ್ಗಿ ಪೊಳ್ಳಿನ ಗೋಡೆಗಳನ್ನು ಒಳಗಿಂದ ಒತ್ತುತ್ತದೆ. ಎಷ್ಟೋ ಮಳೆಗಾಲಗಳ ಹಿಂಸೆಯನ್ನು ಒಂದೇ ರಾತ್ರಿಗೆ ತುರುಕುವ ಉಪಾಯವೆಂದು ಇದನ್ನು ಒಪ್ಪಬಹುದು. ನನಗಂತೂ ಅದು ಚಳಿನಾಡಿನಿಂದ ಬಂದ ಅಭ್ಯಾಸ ಎಂದೇ ತೋರುತ್ತದೆ.

ಕೊನೆಗೆ ಆರನ್ನೂ 25 ಡಿಗ್ರಿಗೆ ತಂದು, ಒಂದೊಂದಾಗಿ ಅಡ್ಡ ಮಲಗಿಸಿ, ನಿಮಿಷಕ್ಕೆ 50 ಮಿಲಿಮೀಟರ್ ವೇಗದಲ್ಲಿ ಸೀಳುವವರೆಗೆ ಅದುಮುತ್ತಾರೆ. ನೆನೆದವುಗಳ ಬಲ ಒಣಗಿದವುಗಳ ಬಲದ ಶೇ 80ರಷ್ಟಾದರೂ ಇರಬೇಕೆಂಬುದು ನಮ್ಮ ಹೆದ್ದಾರಿ ಸಚಿವಾಲಯದ ನಿಯಮ.

ಈ ಶೇ 80ರಲ್ಲೊಂದು ಮೋಸವಿದೆ. ಒಣಗಿದಾಗ 900 ಕಿಲೋಪಾಸ್ಕಲ್ ತಡೆದು, ನೆನೆದ ಮೇಲೆ 700ಕ್ಕೆ ಇಳಿದ ಮಿಶ್ರಣ 78 ಅಂಕ ಪಡೆದು ನಪಾಸು. 500ರಿಂದ 420ಕ್ಕೆ ಇಳಿದದ್ದು 84 ಪಡೆದು ಪಾಸು. ಆದರೆ ನೆನೆದ ಮೇಲೂ ಬಲಶಾಲಿ ಮೊದಲಿನದೇ. ಆದ್ದರಿಂದ ಅಂಕ ಬರೆದುಕೊಂಡು ತುಂಡುಗಳನ್ನು ಬಿಸಾಡಬಾರದು. ಸೀಳಿದ ಮುಖವನ್ನು ಬೆಳಕಿಗೆ ಹಿಡಿದರೆ ಬಹಳಷ್ಟು ತಿಳಿಯುತ್ತದೆ. ಮುಖವೆಲ್ಲ ಕಪ್ಪಾಗಿ, ಅಲ್ಲಲ್ಲಿ ಚೂಪಾಗಿ ಒಡೆದ ಹೊಸ ಕಲ್ಲು ಹೊಳೆದರೆ ಹಿಡಿತ ಗಟ್ಟಿಯಿತ್ತು, ಕಲ್ಲೇ ಮುರಿದಿದೆ ಎಂದರ್ಥ. ಒಡೆಯದ ಜಲ್ಲಿ ಬರಿಮೈ ಬಿಟ್ಟುಕೊಂಡು ಕುಳಿತಿದ್ದರೆ ಅಂಟೇ ಸೋತಿದೆ. ಆಗ ಜಲ್ಲಿಯ ತೂಕದ ಶೇ 1ರಿಂದ 2ರಷ್ಟು ಅರಳಿಸಿದ ಸುಣ್ಣದ ಪುಡಿ ಬೆರೆಸಿ ಮತ್ತೆ ಪರೀಕ್ಷಿಸುತ್ತಾರೆ. ಸುಣ್ಣಕಲ್ಲಿನ ಗುಣವನ್ನು ಗ್ರಾನೈಟ್‌ಗೆ ಎರವಲು ಕೊಟ್ಟಂತೆ.

ಜರ್ಮನಿಯ ಹ್ಯಾಂಬರ್ಗ್ ಪರೀಕ್ಷೆ ಇನ್ನೂ ನೇರ. 50 ಡಿಗ್ರಿ ನೀರಿನಡಿಯಿರುವ ಮಿಶ್ರಣದ ಮೇಲೆ ಉಕ್ಕಿನ ಚಕ್ರವೊಂದು 20,000 ಸಲದವರೆಗೆ ಓಡುತ್ತದೆ. ನಿಧಾನವಾಗಿ ಆಳವಾಗುತ್ತಿದ್ದ ಜಾಡು ಒಮ್ಮೆಲೇ ಕುಸಿಯತೊಡಗಿದರೆ, ಡಾಂಬರು ಕಳಚಲು ಶುರುವಾದದ್ದು ಅಲ್ಲಿಂದಲೇ ಎಂದು ಲೆಕ್ಕ.

ಇವೆಲ್ಲ ಪರೀಕ್ಷಿಸುವುದು ಮಿಶ್ರಣವನ್ನು. ರೋಲರ್ ಸಾಲದೆ ಪೊಳ್ಳು ಶೇ 10ಕ್ಕೇರಿದರೆ, ಪಕ್ಕದ ಚರಂಡಿ ಕಟ್ಟಿಕೊಂಡರೆ, ಪಾಸಾದ ಮಿಶ್ರಣವೂ ಹಾಳಾಗುತ್ತದೆ. ಅದೂ ಬಹಳ ಸಲ ತಳದಿಂದ ಮೇಲಕ್ಕೆ. ಮೇಲ್ಮೈ ನುಣ್ಣಗೇ ಕಾಣುತ್ತಿರುತ್ತದೆ. ಹೀಗೆ ಒಳಗೆ ಕಳಚಿದ ಪದರದ ಮೇಲೆ ಹೊಸ ಡಾಂಬರು ಹಾಕಿದರೆ ನೀರು ಮಧ್ಯದಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೇ ಮರುಡಾಂಬರಿಗೆ ಮುನ್ನ ರಸ್ತೆಯನ್ನು ದುಂಡಗೆ ಕೊರೆದು ಕೋರ್ ತೆಗೆದು ನೋಡಬೇಕು; ಅದರ ತಳ ಬಿಡಿಬಿಡಿಯಾಗಿ ಉದುರಿದರೆ, ಹಳೆಯ ಪದರವನ್ನೇ ಕೆರೆದು ತೆಗೆಯಬೇಕಾಗುತ್ತದೆ.