ವಿಕುನ್ಯ ಉಳಿದದ್ದು ಯಾರಿಂದ?

ಜಗತ್ತಿನ ನೆಲ, ಜಲದಲ್ಲಿ ಶೇ 30ರಷ್ಟನ್ನು 2030ರೊಳಗೆ ಸಂರಕ್ಷಣೆಗೆ ಒಳಪಡಿಸುವುದಾಗಿ 2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ಜೀವವೈವಿಧ್ಯ ಒಡಂಬಡಿಕೆಯ ದೇಶಗಳು ಒಪ್ಪಿಕೊಂಡವು. ಮಾತು ದೊಡ್ಡದು. ಆದರೆ ಇದೇ ಒಡಂಬಡಿಕೆಯಡಿ 2010ರಲ್ಲಿ ಜಪಾನಿನಲ್ಲಿ ಹಾಕಿಕೊಂಡಿದ್ದ 20 ಗುರಿಗಳಲ್ಲಿ ಒಂದೂ 2020ರ ಗಡುವಿಗೆ ಪೂರ್ತಿ ಈಡೇರಿರಲಿಲ್ಲ. ವಿಶ್ವಸಂಸ್ಥೆಯ ವರದಿಯೇ ಹಾಗೆಂದಿತು. ಇಂಥ ಒಪ್ಪಂದಗಳೆಲ್ಲ ಕಾಗದಕ್ಕಷ್ಟೇ ಎಂದು ಕೈಚೆಲ್ಲಿದರೆ ಅದು ಅವಸರದ ತೀರ್ಮಾನವಾದೀತು. ಫಲ ಕೊಟ್ಟ ಒಪ್ಪಂದಗಳೂ ಇವೆ. ಅವು ಏಕೆ ಫಲಿಸಿದವು ಎಂದು ಕೆದಕಿದರೆ, ಎಷ್ಟು ಜಾಗಕ್ಕೆ ಬೇಲಿ ಹಾಕಿದರು ಎನ್ನುವುದಕ್ಕಿಂತ, ಪ್ರಾಣಿ ಬದುಕಿದ್ದರೆ ಅದರ ಪಕ್ಕದಲ್ಲೇ ಇರುವವರಿಗೆ ಏನು ಸಿಗುತ್ತದೆ ಎನ್ನುವುದೇ ಮುಖ್ಯವಾಗಿ ಕಾಣುತ್ತದೆ.

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಎತ್ತರದ ಹುಲ್ಲುಗಾವಲುಗಳಲ್ಲಿ ವಿಕುನ್ಯ ಎಂಬ ಪ್ರಾಣಿಯಿದೆ. ಒಂಟೆಯ ಬಳಗದ್ದು, ಆದರೆ ಡುಬ್ಬವಿಲ್ಲ. ಜಿಂಕೆಯಂತೆ ತೆಳ್ಳಗಿನ ಮೈ. ಅದರ ತುಪ್ಪಟದ ಎಳೆ 12–13 ಮೈಕ್ರಾನ್‌ನಷ್ಟೇ ದಪ್ಪ, ಜಗತ್ತಿನ ಅತಿ ನವಿರಾದ ಉಣ್ಣೆಗಳಲ್ಲೊಂದು. ಇಂಕಾ ಅರಸರ ಕಾಲದಲ್ಲಿ ಇದರ ಬಟ್ಟೆ ರಾಜಮನೆತನಕ್ಕೆ ಮೀಸಲಾಗಿತ್ತು. ಊರವರೆಲ್ಲ ಸೇರಿ ಹಿಂಡನ್ನು ಸುತ್ತುಗಟ್ಟಿ ಹಿಡಿದು, ಉಣ್ಣೆ ಕತ್ತರಿಸಿ ಬಿಟ್ಟುಬಿಡುತ್ತಿದ್ದರು. ಸ್ಪೇನಿನವರ ಆಳ್ವಿಕೆ ಬಂದ ಮೇಲೆ ಕೋವಿಯೂ ಬಂತು. ಕತ್ತರಿಸುವ ಬದಲು ಕೊಲ್ಲುವುದು ಸಲೀಸಾಯಿತು. 1960ರ ದಶಕದ ಹೊತ್ತಿಗೆ ಉಳಿದದ್ದು ಹೆಚ್ಚೆಂದರೆ ಹತ್ತು ಸಾವಿರದ ಆಸುಪಾಸು.

1969ರಲ್ಲಿ ಲಾಪಾಜ್‌ನಲ್ಲಿ ಪೆರು ಮತ್ತು ಬೊಲಿವಿಯಾ ಒಪ್ಪಂದಕ್ಕೆ ಸಹಿ ಹಾಕಿ ಬೇಟೆ, ಮಾರಾಟಗಳನ್ನು ನಿಷೇಧಿಸಿದವು. ಅರ್ಜೆಂಟೀನಾ, ಚಿಲಿ ಆಮೇಲೆ ಸೇರಿಕೊಂಡವು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸಲು 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದ ವಿಕುನ್ಯದ ವ್ಯಾಪಾರಕ್ಕೆ ಜಗತ್ತಿನಾದ್ಯಂತ ಬಾಗಿಲು ಮುಚ್ಚಿತು. ಇಷ್ಟೇ ಆಗಿದ್ದರೆ ಇದೂ ಇನ್ನೊಂದು ನಿಷೇಧದ ಕಥೆಯಾಗುತ್ತಿತ್ತು. ಆದರೆ 1979ರ ಲಿಮಾ ಒಪ್ಪಂದ ಮೊದಲ ಕಲಮಿನಲ್ಲೇ, ವಿಕುನ್ಯದ ರಕ್ಷಣೆ ಆಂಡಿಸ್ ಜನರ ಆರ್ಥಿಕ ಲಾಭಕ್ಕಾಗಿ ಎಂದು ಸಾರಿತು. ಸಂತತಿ ಚೇತರಿಸಿಕೊಂಡ ಕಡೆ, ಜೀವಂತ ಪ್ರಾಣಿಯಿಂದ ಕತ್ತರಿಸಿದ ಉಣ್ಣೆಯ ಬಟ್ಟೆಯನ್ನು ಮಾರಲು ಸೈಟಿಸ್ 1987ರಿಂದ ಹಂತಹಂತವಾಗಿ ಅವಕಾಶ ಕೊಟ್ಟಿತು. ಪೆರು 1995ರಲ್ಲಿ ಆ ಉಣ್ಣೆಯ ಹಕ್ಕನ್ನು ಹಳ್ಳಿಗಳ ಸಮುದಾಯಗಳಿಗೇ ವಹಿಸಿತು. ಹಿಂಡನ್ನು ಸುತ್ತುಗಟ್ಟಿ ಹಿಡಿಯುವ ಹಳೆಯ ‘ಚಾಕು’ ಪದ್ಧತಿಗೆ ಮತ್ತೆ ಜೀವ ಬಂತು: ಬಣ್ಣದ ಚಿಂದಿ ಕಟ್ಟಿದ ಉದ್ದನೆಯ ಹಗ್ಗ ಹಿಡಿದು ನೂರಾರು ಮಂದಿ ಗುಡ್ಡದ ಮೇಲಿಂದ ಸಾಲಾಗಿ ಇಳಿದು, ಹಿಂಡನ್ನು ಬಲೆಯ ದೊಡ್ಡಿಯೊಳಕ್ಕೆ ನೂಕುತ್ತಾರೆ. ಒಂದೊಂದನ್ನೇ ಹಿಡಿದು, ಯಂತ್ರದಿಂದ ತುಪ್ಪಟ ತೆಗೆದು ಬಿಡುತ್ತಾರೆ. ಒಂದು ಪ್ರಾಣಿಯಿಂದ ಸಿಗುವುದು ಸುಮಾರು 200 ಗ್ರಾಂ, ಅದೂ ಎರಡು ವರ್ಷಕ್ಕೊಮ್ಮೆ. ಇಂದು ವಿಕುನ್ಯಗಳ ಸಂಖ್ಯೆ ನಾಲ್ಕು ಲಕ್ಷ ದಾಟಿದೆ.

ವ್ಯಾಪಾರಕ್ಕೆ ಬಾಗಿಲು ತೆರೆದರೆ ಕಳ್ಳಬೇಟೆಗೂ ದಾರಿಯಾಗದೇ ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ಟಿಬೆಟ್ ಪ್ರಸ್ಥಭೂಮಿಯ ಚಿರು ಜಿಂಕೆಯ ವಿಷಯದಲ್ಲಿ ಉತ್ತರ ಸ್ಪಷ್ಟ. ಶಾಹ್ತೂಷ್ ಶಾಲಿನ ಉಣ್ಣೆ ಬೇಕೆಂದರೆ ಚಿರುವನ್ನು ಕೊಲ್ಲುತ್ತಿದ್ದರು, ಸಾಕುವುದು ಸಾಧ್ಯವಾಗಲಿಲ್ಲ. ಅಲ್ಲಿ ಸಂಪೂರ್ಣ ನಿಷೇಧವೇ ಸರಿ, ಆ ಶಾಲು ನೇಯುತ್ತಿದ್ದ ಕಾಶ್ಮೀರದ ನೇಕಾರರಿಗೆ ಅದು ಹೊಡೆತ ಕೊಟ್ಟಿದ್ದು ನಿಜವಾದರೂ. ಅಂದರೆ ವಿಕುನ್ಯದ ಸೂತ್ರವನ್ನು ಕಂಡಕಂಡ ಪ್ರಾಣಿಗೆಲ್ಲ ಹಚ್ಚಲಾಗದು. ವಿಕುನ್ಯದ ಕಳ್ಳಬೇಟೆಯೂ ನಿಂತಿಲ್ಲ. ಆದರೆ ಹಕ್ಕಿಲ್ಲದಿದ್ದ ಕಾಲದಲ್ಲಿ ಆಂಡಿಸಿನ ದನಕುರಿ ಸಾಕುವವರ ಪಾಲಿಗೆ ವಿಕುನ್ಯ ತಮ್ಮ ಹುಲ್ಲು ತಿನ್ನುವ ಪರರ ಪ್ರಾಣಿಯಾಗಿತ್ತು. ಕದ್ದವರನ್ನು ಹಿಡಿದುಕೊಡಲು ಅವರಿಗೆ ಕಾರಣವೇ ಇರಲಿಲ್ಲ; ಈಗ ಇದೆ.

ಇದಕ್ಕಿಂತ ಗಟ್ಟಿ ಆಕ್ಷೇಪ ಹಣದ್ದು. ಯುರೋಪಿನ ಅಂಗಡಿಗಳಲ್ಲಿ ವಿಕುನ್ಯ ಸ್ವೆಟರಿಗೆ ಸಾವಿರಾರು ಡಾಲರು. ಹಗ್ಗ ಹಿಡಿದು ಗುಡ್ಡ ಇಳಿದವರಿಗೆ ಅದರಲ್ಲಿ ಸಿಗುವುದು ತೀರಾ ಸಣ್ಣ ಪಾಲು. ಕಚ್ಚಾ ಉಣ್ಣೆ ಕೊಳ್ಳುವವರು ಬೆರಳೆಣಿಕೆಯಷ್ಟು, ನೂಲುವ ನೇಯುವ ಗಿರಣಿಗಳು ದೂರದ ಇಟಲಿಯಲ್ಲಿ. ಈ ಆಕ್ಷೇಪವನ್ನು ತಳ್ಳಿಹಾಕಲು ನನ್ನಲ್ಲಿ ಉತ್ತರವಿಲ್ಲ, ತಳ್ಳಿಹಾಕಬೇಕಾಗಿಯೂ ಇಲ್ಲ. ಪ್ರಾಣಿಯನ್ನು ಉಳಿಸಲು ಒಟ್ಟಾದ ದೇಶಗಳು ಬೆಲೆಯ ವಿಷಯದಲ್ಲಿ ಅಷ್ಟೇ ಒಗ್ಗಟ್ಟು ತೋರಲಿಲ್ಲ ಎನ್ನುವುದನ್ನು ಅದು ತೋರಿಸುತ್ತದೆ. ಪಾಲು ಇನ್ನೂ ಕುಗ್ಗಿದರೆ ಕಾಯುವ ಮನಸ್ಸೂ ಕುಗ್ಗುತ್ತದೆ.

ಶೇ 30ರ ಗುರಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಮೂಲನಿವಾಸಿಗಳ, ಸ್ಥಳೀಯ ಸಮುದಾಯಗಳ ಹಕ್ಕನ್ನು ಗೌರವಿಸಬೇಕೆಂಬ ಮಾತು ಆ ಗುರಿಯ ಒಕ್ಕಣೆಯಲ್ಲೇ ಇದೆ. ಕಾಡು ಬೇಕಾದರೆ ಜನ ಹೊರಹೋಗಬೇಕೆಂಬ ವಾದ ನಮ್ಮಲ್ಲೂ ಹಳೆಯದು. ಆದರೂ ಬಿಳಿಗಿರಿರಂಗನ ಬೆಟ್ಟದಲ್ಲಿ, ಹುಲಿ ಮೀಸಲು ಎಂದು ಘೋಷಣೆಯಾದ ಮೇಲೂ, 2011ರಲ್ಲಿ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕು ದಕ್ಕಿತು. ಹೀಗಿದ್ದೂ ಗುರಿ ಮುಟ್ಟಿದೆಯೇ ಎಂದು ಅಳೆಯಲು ದೇಶಗಳು ಒಪ್ಪಿಕೊಂಡಿರುವ ಮುಖ್ಯ ಸೂಚಕ ಸಂರಕ್ಷಿತ ಪ್ರದೇಶದ ವಿಸ್ತೀರ್ಣ. ನಕ್ಷೆಯಲ್ಲಿ ಗೆರೆ ಎಳೆದರೆ ಆ ಅಂಕಿ ಏರುತ್ತದೆ, ಒಳಗಿರುವವರ ಕೈಗೆ ಕವಡೆ ಕಾಸು ಸೇರದಿದ್ದರೂ.